ಲೀ ರಾಬಿನ್ಸ್ ಪ್ರಬಂಧಗಳು: ಶೇಕಡಾ ಅಂದರೆ ಯಾರಲ್ಲಿ ಶೇಕಡಾ?

ವ್ಯಸನದ ವಿಷಯ ಓದುವವರಿಗೆ ಲೀ ರಾಬಿನ್ಸ್ (1922–2009) ಹೆಸರು ಎದುರಾಗದೆ ಇರುವುದಿಲ್ಲ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಸಮಾಜಶಾಸ್ತ್ರಜ್ಞೆ. ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯಕ್ಕೆ ಬಂದಿದ್ದ 524 ಮಕ್ಕಳು ಸುಮಾರು 30 ವರ್ಷದ ನಂತರ ಏನಾದರು ಎಂದು ಪತ್ತೆಹಚ್ಚಿದ ಅವರ ಪುಸ್ತಕ 1966ರಲ್ಲಿ ಬಂತು. ಮಾನಸಿಕ ರೋಗನಿರ್ಣಯಕ್ಕಾಗಿ ಅವರ ತಂಡ ರೂಪಿಸಿದ ಸಂದರ್ಶನ ಪ್ರಶ್ನಾವಳಿ 1981ರದು. ಇವೆರಡನ್ನೂ ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ. ತಲೆ ತಿನ್ನುವುದು ನಡುವಿನ ವಿಯೆಟ್ನಾಂ ಪ್ರಬಂಧಗಳು.

ಹಿನ್ನೆಲೆ ಇಷ್ಟು. ಯುದ್ಧದ ಕಾಲದಲ್ಲಿ ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರಿಗೆ ಶುದ್ಧ ಹೆರಾಯಿನ್ ಅಗ್ಗಕ್ಕೆ ಸಿಗುತ್ತಿತ್ತು, ಬಳಸಿದವರಲ್ಲಿ ಹೆಚ್ಚಿನವರು ಅದನ್ನು ಸೇದುತ್ತಿದ್ದರು. 1971ರ ಮಧ್ಯದಿಂದ ಊರಿಗೆ ಹೊರಡುವವರಿಗೆ ಮೂತ್ರ ಪರೀಕ್ಷೆ ಕಡ್ಡಾಯವಾಯಿತು. ಆ ಸೆಪ್ಟೆಂಬರ್‌ನಲ್ಲಿ ವಾಪಸಾದ ಸೈನಿಕರನ್ನು ಹುಡುಕಿ ಮಾತಾಡಿಸುವ ಕೆಲಸ ರಾಬಿನ್ಸ್ ತಂಡಕ್ಕೆ ಬಂತು. ಫಲಿತಾಂಶ 1974, 1975, 1977, 1980ರಲ್ಲಿ ಬೇರೆ ಬೇರೆ ಕಡೆ ಪ್ರಕಟವಾಯಿತು. 1993ರಲ್ಲಿ ಅವರೇ ಹಿಂತಿರುಗಿ ನೋಡಿ ಬರೆದರು. ಪಟ್ಟಿಯಲ್ಲಿ ಸಾಲುಸಾಲಾಗಿ ಕಂಡರೂ ಇವೆಲ್ಲಕ್ಕೂ ಆಧಾರ ಒಂದೇ ಗುಂಪಿನ ಗಂಡಸರು. ಹಾಗಾಗಿ ಪರೀಕ್ಷೆಯ ಉತ್ತರದಲ್ಲಿ ‘ಹಲವು ಅಧ್ಯಯನಗಳು ತೋರಿಸಿವೆ’ ಎಂದು ಬರೆಯಬೇಡಿ. ಅಧ್ಯಯನ ಒಂದು, ಪ್ರಬಂಧ ಹಲವು.

ಈಗ ನಿಜವಾದ ಗಂಟು. ಆಯ್ಕೆಯಾದವರು 943 ಜನ, ಆದರೆ ಅದರಲ್ಲಿ ಎರಡು ಸ್ಯಾಂಪಲ್ (ಅಧ್ಯಯನಕ್ಕೆ ಆರಿಸಿದ ಗುಂಪು) ಇವೆ. ಒಂದು ಸಾಮಾನ್ಯ ಸ್ಯಾಂಪಲ್, 470 ಜನ: ವಾಪಸಾದ ಎಲ್ಲರಿಂದ ಯಾದೃಚ್ಛಿಕವಾಗಿ ತೆಗೆದದ್ದು. ಇನ್ನೊಂದು, ಹೊರಡುವಾಗ ಮೂತ್ರದಲ್ಲಿ ಮಾದಕವಸ್ತು ಸಿಕ್ಕವರಿಂದ ಆರಿಸಿದ 495 ಜನ. ಕೂಡಿದರೆ 965 ಆಗುತ್ತದಲ್ಲ, ಇಪ್ಪತ್ತೆರಡು ಹೆಚ್ಚಾಯಿತಲ್ಲ ಎಂದು ಗಾಬರಿಯಾಗಬೇಡಿ. ಆ 22 ಜನ ಎರಡರಲ್ಲೂ ಇದ್ದಾರೆ.

ಎರಡೇಕೆ? ಸಾಮಾನ್ಯ ಸ್ಯಾಂಪಲ್ ಮಾತ್ರ ಇದ್ದಿದ್ದರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರು ತೀರಾ ಕಡಿಮೆಯಾಗುತ್ತಿದ್ದರು, ಅವರ ಬಗ್ಗೆ ಹೆಚ್ಚೇನೂ ಹೇಳಲಾಗುತ್ತಿರಲಿಲ್ಲ. ಹಾಗಂತ ಎರಡನ್ನೂ ಕಲಸಿ ಶೇಕಡಾ ತೆಗೆದರೆ ಸೈನ್ಯದಲ್ಲಿ ಅರ್ಧಕ್ಕರ್ಧ ಜನ ಸಿಕ್ಕಿಬಿದ್ದಂತೆ ಕಾಣುತ್ತದೆ. ಆದ್ದರಿಂದ ‘ಸೈನಿಕರಲ್ಲಿ ಎಷ್ಟು ಜನ’ ಎಂಬ ಪ್ರಶ್ನೆಗೆ ಸಾಮಾನ್ಯ ಸ್ಯಾಂಪಲ್ಲನ್ನೇ ನೋಡಬೇಕು. ಅದರ ಪ್ರಕಾರ ಅಲ್ಲಿದ್ದಾಗ ಸುಮಾರು ಶೇ. 20ರಷ್ಟು ಜನ ವ್ಯಸನಿಗಳಾಗಿದ್ದರು.

ಇನ್ನೊಂದು ಪ್ರಸಿದ್ಧ ಅಂಕಿ ಶೇ. 12. ಇದು ಎಲ್ಲ ಸೈನಿಕರಲ್ಲಿ ಅಲ್ಲ, ವಿಯೆಟ್ನಾಂನಲ್ಲಿ ವ್ಯಸನಿಗಳಾಗಿದ್ದವರಲ್ಲಿ. ಊರಿಗೆ ಬಂದ ಮೂರು ವರ್ಷದೊಳಗೆ, ಸ್ವಲ್ಪ ಕಾಲವಾದರೂ ಸರಿ, ಮತ್ತೆ ವ್ಯಸನಕ್ಕೆ ಬಿದ್ದವರು ಅಷ್ಟು. 1000 ಸೈನಿಕರನ್ನು ಇಟ್ಟುಕೊಂಡು ಲೆಕ್ಕ ಹಾಕಿ: 200 ಜನ ವ್ಯಸನಿಗಳು, ಆ 200ರಲ್ಲಿ ಶೇ. 12 ಅಂದರೆ 24 ಜನ. 20ರಿಂದ 12ಕ್ಕೆ ಇಳಿಯಿತು ಎಂದು ಓದಿದರೆ ಇಡೀ ಅಧ್ಯಯನದ ಅರ್ಥವೇ ಕೆಟ್ಟುಹೋಗುತ್ತದೆ. ಛೇದ, ಅಂದರೆ ಯಾರಲ್ಲಿ ಎಂದು ಎಣಿಸುವ ಒಟ್ಟು ಜನ, ಬದಲಾಗಿದೆ. ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇ. 5 ಎಂಬ ಅಂಕಿಗೂ ಛೇದ ಈ 200 ಜನರೇ. ಯಾವ ಪ್ರಬಂಧ ಹಿಡಿದರೂ ಪ್ರತಿ ಶೇಕಡಾ ಪಕ್ಕದಲ್ಲಿ ‘ಯಾರಲ್ಲಿ? ಯಾವ ಅವಧಿಗೆ?’ ಎಂದು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದ ಉಪಾಯ ಬೇರೆ ಇಲ್ಲ.

ಮತ್ತೆ ಬಳಸುವುದು ಬೇರೆ, ಮತ್ತೆ ವ್ಯಸನಿಯಾಗುವುದು ಬೇರೆ. ಅಲ್ಲಿ ವ್ಯಸನಿಗಳಾಗಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಊರಿಗೆ ಬಂದ ಮೇಲೂ ಹೆರಾಯಿನ್ ಮುಟ್ಟಿದ್ದರು, ಆದರೂ ಬಹುಪಾಲು ಜನ ಹಳೆಯ ಸ್ಥಿತಿಗೆ ಮರಳಲಿಲ್ಲ. ಈ ಒಂದು ಸಂಗತಿಯೇ ನನ್ನನ್ನು ಈ ವಿಷಯದಲ್ಲಿ ಹಿಡಿದಿಟ್ಟಿದೆ.

‘ಪರಿಸರ ಬದಲಾಯಿತು, ಬಿಟ್ಟರು’ ಎಂದು ಗೈಡುಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. 1993ರ ಬರಹದಲ್ಲಿ ರಾಬಿನ್ಸ್ ಅಷ್ಟಕ್ಕೆ ಒಪ್ಪುವುದಿಲ್ಲ. ಅವರ ಪ್ರಕಾರ, ವ್ಯಸನ ಬಿಡದು ಎಂಬ ನಂಬಿಕೆ ಬಂದದ್ದು ಚಿಕಿತ್ಸೆಗೆ ಬಂದವರನ್ನು ನೋಡಿ. ತಾವಾಗಿಯೇ ಬಿಟ್ಟವರು ಆಸ್ಪತ್ರೆಯ ಕಡತಕ್ಕೆ ಬರುವುದೇ ಇಲ್ಲ. ಸೈನಿಕರನ್ನು ಅವರು ಆಸ್ಪತ್ರೆಯಲ್ಲಿ ಹುಡುಕಲಿಲ್ಲ, ವಾಪಸಾದವರ ಪಟ್ಟಿಯಿಂದ ಆರಿಸಿದರು. ಇಲ್ಲೂ ಮತ್ತೆ ಅದೇ ಪ್ರಶ್ನೆ: ಯಾರಲ್ಲಿ?