ಅಭ್ಯರ್ಥಿಯ ಸಣ್ಣಪುಟ್ಟ ತಪ್ಪುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ?

ಪ್ರಶ್ನೆ: ನಮ್ಮ ಕ್ಷೇತ್ರದ ಒಬ್ಬ ಅಭ್ಯರ್ಥಿಯ ಮೇಲೆ ಮೂರು ಕೇಸ್ ಇವೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇನ್ನೊಬ್ಬರ ಮೇಲೆ ಒಂದೂ ಇಲ್ಲ, ಆದರೆ ಅವರ ಮನೆಯ ಗೇಟು ಫುಟ್‌ಪಾತ್ ನುಂಗಿದೆ. ಇಂಥದ್ದನ್ನೆಲ್ಲ ನೋಡಿ ವೋಟು ಹಾಕಬೇಕಾ, ಅಥವಾ ಕೆಲಸ ಮಾಡಿದರೆ ಸಾಕಾ?

ಉತ್ತರ: ನೋಡಬೇಕು. ನೋಡುವಾಗ ಎರಡು ಮಾತು ಕೇಳಿಕೊಳ್ಳಿ. ಆ ತಪ್ಪಿಗೂ ಅವರು ಕೇಳುತ್ತಿರುವ ಕುರ್ಚಿಗೂ ನಂಟು ಇದೆಯೇ? ಗೊತ್ತಾದ ಮೇಲೆ ಒಪ್ಪಿಕೊಂಡು ಸರಿಪಡಿಸಿದರೇ, ಮುಚ್ಚಿಟ್ಟರೇ?

‘ಮೂರು ಕೇಸ್’ ಎಂಬ ಲೆಕ್ಕವೊಂದರಿಂದ ಏನೂ ತಿಳಿಯುವುದಿಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರವನ್ನು, ಅಂದರೆ ನಮೂನೆ 26 ಅನ್ನು ತೆಗೆದು 5ನೇ ಅಂಶ ಓದಿ. ಎಫ್‌ಐಆರ್ ಸಂಖ್ಯೆ, ಠಾಣೆ, ಕೋರ್ಟು, ಸೆಕ್ಷನ್, ಆರೋಪದ ಚುಟುಕು ವಿವರ ಎಲ್ಲ ಅಲ್ಲಿರುತ್ತವೆ. ಶಿಕ್ಷೆಯಾಗಿದ್ದರೆ 6ನೇ ಅಂಶದಲ್ಲಿ. ಚುನಾವಣಾ ಆಯೋಗದ ತಾಣದಲ್ಲಿ ಇದು ಉಚಿತವಾಗಿ ಸಿಗುತ್ತದೆ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಹಾಗಾಗಿ ಕಾರ್ಪೊರೇಟರ್ ಅಭ್ಯರ್ಥಿಗಳ ಪ್ರಮಾಣಪತ್ರಕ್ಕೆ ಅಲ್ಲಿ ವಿಚಾರಿಸಬೇಕು.

ಈಗ ಸೆಕ್ಷನ್‌ಗಳನ್ನು ನೋಡಿ. ಬೆಂಗಳೂರಿನಲ್ಲಿ 2021ರ ಆದೇಶದ ಬಳಿಕ ಧರಣಿಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ನೀರು ಬಂದಿಲ್ಲವೆಂದು ಬಡಾವಣೆಯ ಮುಖ್ಯರಸ್ತೆಯಲ್ಲಿ ಖಾಲಿ ಕೊಡ ಹಿಡಿದು ಕೂತರೂ ಎಫ್‌ಐಆರ್ ಆಗಬಹುದು. ಅಂಥ ಕೇಸಿನಲ್ಲಿ ಸಾಮಾನ್ಯವಾಗಿ ಕಾಣುವುದು ಅಕ್ರಮ ಕೂಟ, ದಾರಿಗೆ ತಡೆ, ಸಾರ್ವಜನಿಕ ರಸ್ತೆಗೆ ಅಡ್ಡಿ. ಹಳೆಯ ಐಪಿಸಿಯಲ್ಲಿ 143, 341, 283. 2024ರ ಜುಲೈ 1ರ ನಂತರದ ಘಟನೆಯಾದರೆ ಭಾರತೀಯ ನ್ಯಾಯ ಸಂಹಿತೆಯ 189(2), 126(2), 285. ಇವುಗಳಿಗೆ ಗರಿಷ್ಠ ಶಿಕ್ಷೆ ಕ್ರಮವಾಗಿ ಆರು ತಿಂಗಳು, ಒಂದು ತಿಂಗಳು, ಬರೀ ದಂಡ. ಮೂರೂ ಕೇಸ್ ಇದೇ ಬಗೆಯವಾದರೆ ಆ ಅಭ್ಯರ್ಥಿ ಜನರ ಜೊತೆ ಬೀದಿಗಿಳಿದಿದ್ದರು ಎಂದಷ್ಟೇ ಅರ್ಥ. ನಮ್ಮ ಪ್ರಕಾರ ಅದು ಕಳಂಕವೇ ಅಲ್ಲ.

ಅದೇ ಕಾಲಂನಲ್ಲಿ 420 ಅಥವಾ 318(4) ಇದ್ದರೆ ಅದು ವಂಚನೆ, ಏಳು ವರ್ಷದವರೆಗೆ ಶಿಕ್ಷೆ. 498ಎ ಅಥವಾ 85 ಇದ್ದರೆ ಹೆಂಡತಿಗೆ ಹಿಂಸೆ ಕೊಟ್ಟ ಆರೋಪ, ಮೂರು ವರ್ಷದವರೆಗೆ. ‘ಅದು ಅವರ ಮನೆ ವಿಷಯ’ ಎಂದು ಬಿಡುವಂಥದ್ದಲ್ಲ. ಇಲ್ಲಿ ಬಹಳ ಮಂದಿ ಎಡವುವುದು ಒಂದು ಕಡೆ: ಪೊಲೀಸರು ಸಲ್ಲಿಸುವ ದೋಷಾರೋಪ ಪಟ್ಟಿ ಬೇರೆ, ಅದನ್ನು ಪರಿಶೀಲಿಸಿ ನ್ಯಾಯಾಧೀಶರು ಆರೋಪ ನಿಗದಿ ಮಾಡುವುದು ಬೇರೆ. ಎರಡನೆಯದಕ್ಕೆ ಹೆಚ್ಚು ತೂಕ. ಬರೀ ಎಫ್‌ಐಆರ್ ಆದರೆ ಎದುರಾಳಿ ಕೊಟ್ಟ ದೂರೂ ಆಗಿರಬಹುದು.

ಇನ್ನು ಕೇಸಿಲ್ಲದ ಅಭ್ಯರ್ಥಿ. ಹೆಲ್ಮೆಟ್ ಇಲ್ಲದೆ ಹೋಗಿ 500 ರೂಪಾಯಿ ದಂಡ ಕಟ್ಟಿ ಮುಗಿಸಿದ್ದರೆ ಮರೆತುಬಿಡಿ. ಕುಡಿದು ಗಾಡಿ ಓಡಿಸಿದ್ದರೆ ಮರೆಯಬೇಡಿ, ಅಲ್ಲಿ ಪಣಕ್ಕಿಟ್ಟದ್ದು ಬೇರೆಯವರ ಜೀವ. ಗೇಟಿನ ವಿಷಯ ಇದಕ್ಕಿಂತ ಸಣ್ಣದಾಗಿ ಕಂಡರೂ ಪಾಲಿಕೆ ಮಟ್ಟದಲ್ಲಿ ಅದೇ ಮುಖ್ಯ. ಕಾರು ಹತ್ತಿಸಲು ಚರಂಡಿಯ ಬಾಯಿ ಮುಚ್ಚುವಂತೆ ಕಾಂಕ್ರೀಟ್ ರ‍್ಯಾಂಪ್ ಹಾಕಿದರೆ ಮಳೆನೀರು ಒಳಗಿಳಿಯದೆ ರಸ್ತೆಯಲ್ಲೇ ನಿಲ್ಲುತ್ತದೆ, ಪಕ್ಕದ ತಗ್ಗಿನ ಮನೆಗೆ ನುಗ್ಗುತ್ತದೆ. ರಾಜಕಾಲುವೆ ಒತ್ತುವರಿ, ಸುತ್ತ ಬಿಡಬೇಕಾದ ಖಾಲಿ ಜಾಗ (ಸೆಟ್‌ಬ್ಯಾಕ್) ಬಿಡದೆ ಕಟ್ಟಿದ ಮಹಡಿ, ಬಾಡಿಗೆಗೆ ಕೊಟ್ಟ ಮನೆಯನ್ನು ಸ್ವಂತ ವಾಸವೆಂದು ಘೋಷಿಸಿ ಉಳಿಸಿದ ಆಸ್ತಿ ತೆರಿಗೆ, ಇವೂ ಹಾಗೆಯೇ. ನಾಳೆ ಇವನ್ನೇ ತಡೆಯಬೇಕೆಂದು ದನಿ ಎತ್ತಬೇಕಾದವರು ಅವರೇ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಆಗ ಅಭ್ಯರ್ಥಿಯ ಮನೆಮುಂದೆ ಪೈಪು ಹರಿಯುತ್ತಿದ್ದರೆ ಅಕ್ಕಪಕ್ಕದವರಿಗೆ ನೆನಪಿರುತ್ತದೆ.

ಸಣ್ಣದು, ದೊಡ್ಡದು ಎಂಬ ಗೆರೆಯನ್ನು ಕೋರ್ಟೂ ಎಳೆದಿದೆ. ಅರುಣಾಚಲದ ಶಾಸಕ ಕಾರಿಖೋ ಕ್ರಿ ಪ್ರಕರಣದಲ್ಲಿ, 2024ರ ಏಪ್ರಿಲ್ 9ರಂದು, ಬಟ್ಟೆ, ಚಪ್ಪಲಿಯಂಥ ಪ್ರತಿಯೊಂದು ವಸ್ತುವನ್ನೂ ಅಭ್ಯರ್ಥಿ ಘೋಷಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಸಾಕಷ್ಟು ಬೆಲೆಬಾಳುವ ಅಥವಾ ಐಷಾರಾಮಿ ಬದುಕನ್ನು ತೋರಿಸುವ ವಸ್ತುವಾದರೆ ಮುಚ್ಚಿಡುವಂತಿಲ್ಲ. ಪ್ರಮಾಣಪತ್ರದಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ ಜನಪ್ರಾತಿನಿಧ್ಯ ಕಾಯ್ದೆಯ 125ಎ ಅಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಹಾಗಾಗಿ ರಸ್ತೆ ತಡೆದ ಕೇಸನ್ನು ಬರೆದುಕೊಂಡವರಿಗಿಂತ ಅದನ್ನು ಬಿಟ್ಟು ಬರೆದವರ ಬಗ್ಗೆ ಹೆಚ್ಚು ಎಚ್ಚರ ಬೇಕು.

ಅನುಮಾನ ಬಂದರೆ ಕೋರ್ಟು ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹುಡುಕಬಹುದು. ಒಂದೇ ಹೆಸರಿನವರು ಊರ ತುಂಬ ಇರುತ್ತಾರೆ, ತಂದೆಯ ಹೆಸರೂ ವಿಳಾಸವೂ ತಾಳೆಯಾಗದೆ ಯಾವುದನ್ನೂ ಫಾರ್ವರ್ಡ್ ಮಾಡಬೇಡಿ. ಗೇಟು, ರ‍್ಯಾಂಪಿನ ಬಗ್ಗೆಯಾದರೆ ವೋಟು ಕೇಳಲು ಮನೆಗೆ ಬಂದಾಗ ನೇರವಾಗಿ ಕೇಳಿ: ‘ಸಾರ್, ಆ ರ‍್ಯಾಂಪ್ ಯಾವಾಗ ತೆಗೀತೀರಿ?’ ತಾರೀಖು ಹೇಳಿದರೆ ಬರೆದಿಟ್ಟುಕೊಳ್ಳಿ, ಮತದಾನದ ದಿನಕ್ಕೆ ಮುಂಚೆ ಆ ಬೀದಿಯಲ್ಲಿ ಒಮ್ಮೆ ನಡೆದು ಬನ್ನಿ.