ಮೇಷ್ಟ್ರು ಸಂಸತ್ತಿಗೆ ಹೋಗಬಹುದೇ? ಲಾಭದಾಯಕ ಹುದ್ದೆಯ ಹಳೆಯ ತಕರಾರು

ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರು ಸಂವಿಧಾನದ 102ನೇ ವಿಧಿಯನ್ನು ಪಾಠ ಮಾಡುವಾಗ ಅರ್ಧಕ್ಕರ್ಧ ತಮ್ಮ ಕಥೆಯನ್ನೇ ಹೇಳುತ್ತಿರುತ್ತಾರೆ. ಕೇಂದ್ರ ಅಥವಾ ರಾಜ್ಯ ಸರ್ಕಾರದ ಅಡಿಯಲ್ಲಿ ಲಾಭದಾಯಕ ಹುದ್ದೆಯಲ್ಲಿರುವವರು ಸಂಸತ್ ಸದಸ್ಯರಾಗಲು ಅನರ್ಹರು ಎನ್ನುತ್ತದೆ ಆ ವಿಧಿ. ವಿಧಾನಮಂಡಲದ ಮಟ್ಟಿಗೆ ಅದೇ ಮಾತನ್ನು 191ನೇ ವಿಧಿ ಹೇಳುತ್ತದೆ. ಈ ಕಾಲೇಜುಗಳ ಕಾಯಂ ಅಧ್ಯಾಪಕರು ಸರ್ಕಾರಿ ನೌಕರರಾದ್ದರಿಂದ ನಡತೆ ನಿಯಮಗಳೂ ಅವರನ್ನು ಪಕ್ಷ ರಾಜಕಾರಣದಿಂದ ದೂರವಿಟ್ಟಿವೆ. ಚುನಾವಣೆಗೆ ನಿಲ್ಲಬೇಕೆಂದರೆ ರಾಜೀನಾಮೆ ಕೊಡಬೇಕು, ನಾಮಪತ್ರ ಪರಿಶೀಲನೆಯ ದಿನದ ಹೊತ್ತಿಗೆ ಅವರು ಹುದ್ದೆಯಿಂದ ಬಿಡುಗಡೆಯಾಗಿರಬೇಕು.

ಹಾಗಾದರೆ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಮೇಲ್ಮನೆಗೆ ಹೋದದ್ದು ಹೇಗೆ? ಅಲ್ಲಿನ ಮೋತಿಲಾಲ್ ನೆಹರೂ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ರಾಕೇಶ್ ಸಿನ್ಹಾ 2018ರಲ್ಲಿ ರಾಷ್ಟ್ರಪತಿಗಳಿಂದ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಅದೇ ವರ್ಷ, ಅದೇ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದ ಮನೋಜ್ ಕುಮಾರ್ ಝಾ ಬಿಹಾರದಿಂದ ಆಯ್ಕೆಯಾದರು. ಇವರಿಗೆ ತೆರೆದ ಬಾಗಿಲು ನಮ್ಮ ಊರಿನ ಸರ್ಕಾರಿ ಕಾಲೇಜಿನ ಮೇಷ್ಟ್ರಿಗೆ ಮುಚ್ಚಿರುವುದಕ್ಕೆ ವಿದ್ವತ್ತಿನ ಅಂತರ ಕಾರಣವಲ್ಲ. ನೇಮಿಸುವವರು ಯಾರು, ತೆಗೆದುಹಾಕುವವರು ಯಾರು, ಸಂಬಳ ಎಲ್ಲಿಂದ, ಕೆಲಸದ ಮೇಲೆ ಹಿಡಿತ ಯಾರದು ಎಂಬ ಪ್ರಶ್ನೆಗಳನ್ನು ನ್ಯಾಯಾಲಯಗಳು ಒಂದೊಂದಾಗಿ ಕೇಳುತ್ತವೆ. ವಿಶ್ವವಿದ್ಯಾಲಯವು ತನ್ನದೇ ಕಾಯ್ದೆಯಿಂದ ಹುಟ್ಟಿದ ಪ್ರತ್ಯೇಕ ಸಂಸ್ಥೆ; ಅನುದಾನ ಸರ್ಕಾರದ್ದೇ ಆದರೂ ನೇಮಕಾತಿ ಆದೇಶ ಅದರದ್ದು. ಬೊಕ್ಕಸ ಒಂದೇ ಇದ್ದು ಆದೇಶದ ಕೆಳಗಿನ ಸಹಿ ಮಾತ್ರ ಬೇರೆಯಾದರೆ ಅಧ್ಯಾಪಕರ ರಾಜಕೀಯ ಹಣೆಬರಹವೇ ಬದಲಾಗುವುದು ಸ್ವಲ್ಪ ವಿಚಿತ್ರವೇ ಸರಿ.

ಈ ನಿಷೇಧದ ಬೇರು ಇಂಗ್ಲೆಂಡಿನಲ್ಲಿದೆ. ದೊರೆ ಹುದ್ದೆಗಳ ಆಸೆ ತೋರಿಸಿ ಸಂಸದರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಾನೆ ಎಂಬ ಅನುಮಾನ 1701ರ ಕಾಯ್ದೆಯಲ್ಲಿ ಕಾನೂನಿನ ರೂಪ ಪಡೆಯಿತು. ನಮ್ಮ ಸಂವಿಧಾನ ಆ ಅನುಮಾನವನ್ನು ಉಳಿಸಿಕೊಂಡಿತು, ಆದರೆ ಲಾಭದಾಯಕ ಹುದ್ದೆ ಎಂದರೇನೆಂದು ಎಲ್ಲಿಯೂ ವ್ಯಾಖ್ಯಾನಿಸಲಿಲ್ಲ. ಯಾವ ಹುದ್ದೆಗಳಿಗೆ ವಿನಾಯಿತಿ ಎಂಬುದನ್ನು 1959ರ ಕಾಯ್ದೆ ಪಟ್ಟಿ ಮಾಡಿತು. ಉಳಿದದ್ದನ್ನು ತೀರ್ಮಾನಿಸುವ ಹೊಣೆ ನ್ಯಾಯಾಲಯಗಳ ಹೆಗಲಿಗೆ ಬಿತ್ತು. 2006ರಲ್ಲಿ ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಮಂಡಳಿಯ ಅಧ್ಯಕ್ಷೆಯಾಗಿದ್ದ ಜಯಾ ಬಚ್ಚನ್ ರಾಜ್ಯಸಭಾ ಸದಸ್ಯತ್ವ ಕಳೆದುಕೊಂಡಾಗ, ಹಣ ಪಡೆದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಆ ಹುದ್ದೆಯಿಂದ ಹಣ ಪಡೆಯಲು ಅವಕಾಶವಿತ್ತೇ ಎಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತು. 1999ರಲ್ಲಿ ಬಳ್ಳಾರಿಯಿಂದಲೂ ಗೆದ್ದಿದ್ದ ಸೋನಿಯಾ ಗಾಂಧಿ, 2006ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಸಲಹಾ ಮಂಡಳಿಯ ಅಧ್ಯಕ್ಷ ಸ್ಥಾನದ ಕುರಿತು ಇದೇ ಆಕ್ಷೇಪ ಎದ್ದಾಗ ಲೋಕಸಭಾ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ರಾಯ್‌ಬರೇಲಿಯಿಂದ ಮರುಆಯ್ಕೆಯಾದರು. ಈ ಪ್ರಕರಣಗಳ ನಂತರ ಅಧ್ಯಾಪನದ ಬಗ್ಗೆಯೂ ಎಚ್ಚರ ಹೆಚ್ಚಿತು. ಪಂಜಾಬ್ ವಿಶ್ವವಿದ್ಯಾಲಯ ನೀಡಿದ ಪ್ರಾಧ್ಯಾಪಕ ಪೀಠವೊಂದನ್ನು ಒಪ್ಪಿಕೊಳ್ಳುವ ಮುನ್ನ ಮನಮೋಹನ್ ಸಿಂಗ್ ಅವರಂಥವರೂ ರಾಜ್ಯಸಭೆಯ ಸಭಾಪತಿಗಳ ಅಭಿಪ್ರಾಯ ಕೇಳಿದರು. ಅದರಿಂದ ಅನರ್ಹತೆ ಬರುವುದಿಲ್ಲವೆಂದು ಸಂಸತ್ತಿನ ಜಂಟಿ ಸಮಿತಿ 2016ರಲ್ಲಿ ಹೇಳಿತು.

ಅನರ್ಹತೆ ಒಂದು ಬೀಗವಾದರೆ ಸೇವಾ ನಿಯಮ ಇನ್ನೊಂದು ಬೀಗ, ಎರಡಕ್ಕೂ ಕೀಲಿ ಬೇರೆ ಬೇರೆ. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾಯಿತು. ಆಮೇಲೆ ರಾಯಚೂರು, ಕೊಪ್ಪಳಗಳಿಗೂ ಸ್ವಂತ ವಿಶ್ವವಿದ್ಯಾಲಯಗಳು ಬಂದವು. ಇಲ್ಲಿನ ಪ್ರಾಧ್ಯಾಪಕರು ಮೊದಲ ಬೀಗದ ವಿಷಯದಲ್ಲಿ ಸರ್ಕಾರಿ ಕಾಲೇಜಿನವರಿಗಿಂತ ಬೇರೆಯಾಗಿ ವಾದಿಸಬಲ್ಲರು. ಎರಡನೆಯದಕ್ಕೆ ಮಾತ್ರ ತಮ್ಮ ವಿಶ್ವವಿದ್ಯಾಲಯದ ಪರಿನಿಯಮಗಳನ್ನೇ ತೆರೆದು ನೋಡಬೇಕು.

ಅಧ್ಯಾಪಕ ವರ್ಗಕ್ಕೆಂದೇ ಸಂವಿಧಾನ ಇಟ್ಟ ದಾರಿ ಸಂಸತ್ತಿನದಲ್ಲ, ವಿಧಾನ ಪರಿಷತ್ತಿನದು. ಅದಕ್ಕೂ ಈ ನೆಲದಲ್ಲಿ ಹಳೆಯ ನಂಟಿದೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1919ರ ಸುಧಾರಣೆಗಳ ಪ್ರಕಾರ ಅಲ್ಲಿನ ಶಾಸನ ಪರಿಷತ್ತಿನಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಒಂದು ಸ್ಥಾನ ಮೀಸಲಿತ್ತು. ರಾಯಚೂರು, ಕೊಪ್ಪಳಗಳು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ಈಗ 171ನೇ ವಿಧಿಯ ಪ್ರಕಾರ ಪರಿಷತ್ತಿನ ಸರಿಸುಮಾರು ಹನ್ನೆರಡರಲ್ಲಿ ಒಂದು ಪಾಲು ಪದವೀಧರರಿಗೆ, ಅಷ್ಟೇ ಪಾಲು ಶಿಕ್ಷಕರಿಗೆ ಸಲ್ಲುತ್ತದೆ. ಕರ್ನಾಟಕದ 75 ಸ್ಥಾನಗಳಲ್ಲಿ ಅದು ತಲಾ 7. ಮೂರೂ ಜಿಲ್ಲೆಗಳು ಈಶಾನ್ಯ ಪದವೀಧರರ ಹಾಗೂ ಈಶಾನ್ಯ ಶಿಕ್ಷಕರ ಕ್ಷೇತ್ರಗಳಿಗೆ ಸೇರುತ್ತವೆ.

ಆದರೆ ಇಲ್ಲಿಯೂ ಒಂದು ತಿರುವಿದೆ. ಸಂವಿಧಾನ ಮತದಾರರ ಅರ್ಹತೆಯನ್ನು ಹೇಳಿತೇ ಹೊರತು ಅಭ್ಯರ್ಥಿಯೂ ಅದೇ ವರ್ಗದವರಾಗಿರಬೇಕೆಂದು ಹೇಳಲಿಲ್ಲ. ಮದ್ರಾಸಿನ ಪದವೀಧರ ಕ್ಷೇತ್ರದಿಂದ ಗೆದ್ದ ಜಿ. ನಾರಾಯಣಸ್ವಾಮಿ ಪದವೀಧರರಲ್ಲವೆಂದು ಹೈಕೋರ್ಟ್ ಅವರ ಆಯ್ಕೆಯನ್ನು ರದ್ದುಮಾಡಿತ್ತು. ಸಂವಿಧಾನದಲ್ಲಿ ಇಲ್ಲದ ಅರ್ಹತೆಯನ್ನು ನ್ಯಾಯಾಲಯ ಸೇರಿಸಲಾಗದು ಎಂದು 1972ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಹೀಗಾಗಿ ಶಿಕ್ಷಕರ ಕ್ಷೇತ್ರದಲ್ಲಿ ಎಂದೂ ಸೀಮೆಸುಣ್ಣ ಹಿಡಿಯದವರೂ ನಿಲ್ಲಬಹುದು, ಆದರೆ ಸರ್ಕಾರಿ ಕಾಲೇಜಿನ ಅಧ್ಯಾಪಕರು 191ನೇ ವಿಧಿಯ ಕಾರಣಕ್ಕೆ ಕೆಲಸ ಬಿಡದೆ ನಿಲ್ಲುವಂತಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಎದ್ದು ಕಾಣುವ ಕೊರತೆ ಇದೇ.

ಅವರಿಗೆ ಉಳಿಯುವುದು ಮತದ ಹಕ್ಕು. ಪ್ರೌಢಶಾಲೆಗಿಂತ ಕೆಳಗಿನ ಹಂತದ ಶಿಕ್ಷಕರಿಗೆ ಅದೂ ಇಲ್ಲ. ಉಳಿದವರು ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪಾಠ ಮಾಡಿರಬೇಕು. ಈ ಕ್ಷೇತ್ರಗಳ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುವುದರಿಂದ, ಕೊಪ್ಪಳದ ರಾಜ್ಯಶಾಸ್ತ್ರದ ಮೇಷ್ಟ್ರು ಕಳೆದ ಬಾರಿ ಮತ ಹಾಕಿದ್ದರೂ ಸಂಸ್ಥೆಯ ಮುಖ್ಯಸ್ಥರಿಂದ ಸೇವಾ ಪ್ರಮಾಣಪತ್ರ ಪಡೆದು, ನಮೂನೆ 19ನ್ನು ಮತ್ತೆ ತುಂಬಿ ಕೊಡಬೇಕು.