ಜಿಲ್ಲೆ ಆರಿಸಿದ ಕೂಡಲೇ ಪುಟ ಯಾಕೆ ಜಿಗಿಯುತ್ತದೆ?

ಮಹಾರಾಷ್ಟ್ರದಲ್ಲಿ 36 ಜಿಲ್ಲೆ, 350ಕ್ಕೂ ಜಾಸ್ತಿ ತಾಲೂಕು, 40 ಸಾವಿರಕ್ಕೂ ಮಿಕ್ಕಿದ ಹಳ್ಳಿಗಳಿವೆ. ಮುಂಬೈ, ಪುಣೆ ಕಡೆ ಇರುವ ನಮ್ಮಂಥವರು ತುಂಬುವ ಆನ್‌ಲೈನ್ ಅರ್ಜಿಗಳಲ್ಲಿ ಇವೆಲ್ಲ ಮೂರು ಡ್ರಾಪ್‌ಡೌನ್‌ಗಳೊಳಗೆ ಕೂತಿರುತ್ತವೆ. ಜಿಲ್ಲೆ ಆರಿಸಿದರೆ ತಾಲೂಕು ಬರಬೇಕು, ತಾಲೂಕು ಆರಿಸಿದರೆ ಊರು. ಕೆಲವು ಅರ್ಜಿಗಳಲ್ಲಿ ಇದು ಸದ್ದಿಲ್ಲದೆ ಆಗುತ್ತದೆ. ಇನ್ನು ಕೆಲವದರಲ್ಲಿ ಪುಟ ಒಮ್ಮೆ ಬೆಳ್ಳಗಾಗಿ, ಮತ್ತೆ ಬಂದು, ಮೇಲ್ತುದಿಗೆ ಜಿಗಿದು ನಿಲ್ಲುತ್ತದೆ. ಟೈಪ್ ಮಾಡಿದ ಪಾಸ್‌ವರ್ಡ್ ಮಾಯ. ಮೈಯೆಲ್ಲ ಉರಿಯುತ್ತದೆ ನಿಜ. ಆದರೆ ಇದನ್ನು ಮೊದಲು ಹೀಗೆ ಬರೆದವರಿಗೆ ಆಗ ಒಳ್ಳೆಯ ಕಾರಣವೇ ಇತ್ತು.

ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್. 1995ರ ನವೆಂಬರಿನಲ್ಲಿ ಬಂದ ಅದರ 2.0 ಆವೃತ್ತಿಯಲ್ಲಿ ಫಾರ್ಮ್ ಇತ್ತು, ಡ್ರಾಪ್‌ಡೌನ್ ಇತ್ತು, ಸಬ್ಮಿಟ್ ಬಟನ್ ಇತ್ತು. ಬಟನ್ ಒತ್ತುವ ತನಕ ಸರ್ವರ್‌ಗೆ ಏನೂ ಗೊತ್ತಾಗುತ್ತಿರಲಿಲ್ಲ. ಒತ್ತಿದ ಮೇಲೆ ಎಲ್ಲ ಒಟ್ಟಿಗೆ ಹೋಗುತ್ತಿತ್ತು, ಹೊಸ ಪುಟ ಬರುತ್ತಿತ್ತು. ಮುಗಿಯಿತು ಅಂತ ಹೇಳುವವರು ತುಂಬುವವರೇ.

ಅದೇ ವರ್ಷ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮುಂಬೈ ಸೇರಿ ಕೆಲವು ದೊಡ್ಡ ನಗರಗಳಲ್ಲಿ ಜನರಿಗೆ ಇಂಟರ್ನೆಟ್ ಕೊಟ್ಟಿತು. ಡಯಲ್‌ಅಪ್ ವೇಗ 9.6 ಕಿಲೋಬಿಟ್. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 1,200 ಬೈಟ್. 40 ಸಾವಿರ ಹಳ್ಳಿಗಳ ಪಟ್ಟಿಯನ್ನು ಪುಟದ ಜೊತೆಗೇ ಕಳಿಸಲು ಹೊರಟರೆ ಏನಾದೀತು? ಹೆಸರಿಗೆ 20 ಬೈಟ್ ಅಂತ ಹಿಡಿದರೂ 11 ನಿಮಿಷ, ಅದೂ ಲೈನ್ ಕಟ್ ಆಗದಿದ್ದರೆ! ಹಾಗಾಗಿ ಬೇಕಾದ ತುಂಡನ್ನಷ್ಟೇ ಕೇಳಿ ತರಿಸಿಕೊಳ್ಳುವುದು ಜಾಣತನವೇ ಆಗಿತ್ತು.

ಕೇಳುವ ದಾರಿಯನ್ನು ಕೊಟ್ಟದ್ದು ಬ್ರೌಸರ್ ಒಳಗೇ ಓಡುವ ಕೋಡಿನ ಭಾಷೆ ಜಾವಾಸ್ಕ್ರಿಪ್ಟ್. 1996ರಲ್ಲಿ ಬಂದ ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಬ್ರೌಸರ್‌ನಲ್ಲಿ ಡ್ರಾಪ್‌ಡೌನ್‌ಗೆ ‘ಆನ್‌ಚೇಂಜ್’ ಸೇರಿಸಬಹುದಿತ್ತು. ಅದರಲ್ಲಿ ‘ದಿಸ್ ಡಾಟ್ ಫಾರ್ಮ್ ಡಾಟ್ ಸಬ್ಮಿಟ್’ ಅಂತ ಒಂದೇ ಸಾಲು ಬರೆದರೆ ಸಾಕು. ಆಯ್ಕೆ ಬದಲಾದ ಕೂಡಲೇ ಇಡೀ ಫಾರ್ಮ್ ಸರ್ವರ್‌ಗೆ ಹೊರಡುತ್ತದೆ.

ಆ ಒಂದು ಸಾಲಿನ ಕಾಟ ಮಾತ್ರ ಒಂದೆರಡಲ್ಲ. ಫಾರ್ಮಿನ ಬಟನ್‌ಗೆ ನೀವು ‘ಸಬ್ಮಿಟ್’ ಅಂತಲೇ ಹೆಸರಿಟ್ಟಿದ್ದರೆ ಸಾಲು ಕೆಲಸವನ್ನೇ ಮಾಡುವುದಿಲ್ಲ. ಬ್ರೌಸರ್ ಆ ಹೆಸರಿನಲ್ಲಿ ಬಟನ್ನನ್ನು ಕಾಣುತ್ತದೆ, ಕಳಿಸುವ ಕೆಲಸ ಮಾಡುವ ಕೋಡ್ ತುಂಡನ್ನು, ಅಂದರೆ ಫಂಕ್ಷನ್ನನ್ನು ಅಲ್ಲ. ಇನ್ನೊಂದು, ಹೀಗೆ ಕೋಡ್‌ನಿಂದ ಕಳಿಸಿದರೆ, ಕಳಿಸುವ ಮುನ್ನ ಓಡಲಿ ಅಂತ ‘ಆನ್‌ಸಬ್ಮಿಟ್’ನಲ್ಲಿ ಬರೆದ ತಪಾಸಣೆ ನಡೆಯುವುದೇ ಇಲ್ಲ. ಇದಕ್ಕೆ ಮದ್ದು, ತಪಾಸಣೆ ಮಾಡಿಸಿಯೇ ಕಳಿಸುವ ‘ರಿಕ್ವೆಸ್ಟ್‌ಸಬ್ಮಿಟ್’. ಅದು ಕ್ರೋಮ್‌ಗೆ ಬಂದದ್ದು 2019ರಲ್ಲಿ, ಸಫಾರಿಗೆ 2022ರಲ್ಲಿ. ಕಾಲು ಶತಮಾನ ಕಾದಂತಾಯಿತು.

ಈ ಚಾಳಿ ಕಚೇರಿ ಕಚೇರಿಗೂ ಹಬ್ಬಿದ್ದು 2002ರಲ್ಲಿ ಮೈಕ್ರೋಸಾಫ್ಟ್ ತಂದ, ವೆಬ್ ಪುಟ ಕಟ್ಟುವ ಸಲಕರಣೆ ಎಎಸ್‌ಪಿ ಡಾಟ್ ನೆಟ್‌ನಿಂದ. ಕಂಪ್ಯೂಟರಿನ ಮಾಮೂಲಿ ಪ್ರೋಗ್ರಾಂ ಬರೆಯಲು ವಿಷುಯಲ್ ಬೇಸಿಕ್ ಕಲಿತವರು ಬಟನ್ ಎಳೆದು ಇಟ್ಟು, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೋಡ್ ಬರೆಯುತ್ತಿದ್ದರು. ವೆಬ್ಬಿನಲ್ಲೂ ಹಾಗೇ ಮಾಡಬಹುದು ಅಂತ ಇದು ನಂಬಿಸಿತು. ಡ್ರಾಪ್‌ಡೌನ್‌ನ ಗುಣಪಟ್ಟಿಯಲ್ಲಿ ‘ಆಟೋಪೋಸ್ಟ್‌ಬ್ಯಾಕ್’ ಅಂತ ಒಂದಿತ್ತು. ಅದನ್ನು ‘ಟ್ರೂ’ ಮಾಡಿದರೆ ಆಯ್ಕೆ ಬದಲಾದಾಗ ಸರ್ವರ್‌ನಲ್ಲಿರುವ ನಿಮ್ಮ ಫಂಕ್ಷನ್ ಓಡುತ್ತದೆ. ಒಳಗೆ ನಡೆಯುವುದು ಅದೇ ಹಳೆಯ ಸಬ್ಮಿಟ್. ಯಾವ ಡ್ರಾಪ್‌ಡೌನ್ ಬದಲಾಯಿತು ಅಂತ ಅಡಗಿಸಿಟ್ಟ ಒಂದು ಫೀಲ್ಡಿನಲ್ಲಿ ಬರೆದು ಕಳಿಸುತ್ತಾರೆ, ಅಷ್ಟೇ.

ಮುಂಬೈಯ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ನೀವು ‘ಒಂದು ಇಡ್ಲಿ’ ಅನ್ನುವಷ್ಟರಲ್ಲೇ ಮಾಣಿ ಅಡುಗೆಮನೆಗೆ ಓಡಿದರೆ ಹೇಗೆ? ವಾಪಸ್ ಬಂದಾಗ ನೀವು ‘ಒಂದು ವಡೆ’ ಅಂದರೆ ಮತ್ತೆ ಓಟ. ಅದೂ ಪ್ರತಿ ಸಲ ಮೇಜಿನ ಮೇಲಿರುವ ತಟ್ಟೆ ಲೋಟಗಳನ್ನೆಲ್ಲ ಹೊತ್ತುಕೊಂಡು. ಆ ತಟ್ಟೆ ಲೋಟಗಳ ಹೆಸರು ವ್ಯೂಸ್ಟೇಟ್. ಸರ್ವರ್‌ಗೆ ನೆನಪಿರುವುದಿಲ್ಲ, ಹಾಗಾಗಿ ಪುಟದ ಸ್ಥಿತಿಯನ್ನು ಪುಟದಲ್ಲೇ ಮುಚ್ಚಿಟ್ಟು ಹಿಂದೆ ಮುಂದೆ ಸಾಗಿಸುತ್ತಿದ್ದರು.

ಪುಣೆ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹಳೆಯ ಕೋಡ್ ನೋಡಿಕೊಳ್ಳುವ ಧಾರವಾಡ, ಬೆಳಗಾವಿ ಕಡೆಯ ಹುಡುಗರನ್ನು ಕೇಳಿ ನೋಡಿ, ಎರಡು ದೂರು ಕಾಯಂ. ಒಂದು, ಫಂಕ್ಷನ್ ಓಡುತ್ತಲೇ ಇಲ್ಲ. ಆಟೋಪೋಸ್ಟ್‌ಬ್ಯಾಕ್ ಮೊದಲಿಗೆ ‘ಫಾಲ್ಸ್’ ಇರುತ್ತದೆ. ಹಾಗಾಗಿ ಬದಲಾವಣೆಯ ಸುದ್ದಿ ಮುಂದಿನ ಸಬ್ಮಿಟ್ ತನಕ ಕಾದು ಕೂರುತ್ತದೆ. ಇನ್ನೊಂದು, ಪುಣೆ ಆರಿಸಿದರೂ ಸರ್ವರ್‌ಗೆ ಸಿಗುವುದು ಪಟ್ಟಿಯ ಮೊದಲ ಹೆಸರು. ಇದು ಪುಟ ಸಿದ್ಧವಾಗುವಾಗ ಸರ್ವರ್‌ನಲ್ಲಿ ಓಡುವ ಕೋಡ್, ಪೇಜ್‌ಲೋಡ್‌ನ ಕಿತಾಪತಿ. ಪ್ರತಿ ಸಲ ಪುಟ ಬಂದಾಗಲೂ ಮೊದಲು ಪೇಜ್‌ಲೋಡ್ ಓಡುತ್ತದೆ, ನಿಮ್ಮ ಫಂಕ್ಷನ್ ಆಮೇಲೆ. ಪೇಜ್‌ಲೋಡ್‌ನಲ್ಲಿ ಜಿಲ್ಲೆಗಳನ್ನು ಸುಮ್ನೆ ಮತ್ತೆ ತುಂಬಿದರೆ ಜನ ಆರಿಸಿದ್ದು ಅಳಿಸಿಹೋಗುತ್ತದೆ. ‘ಈಸ್‌ಪೋಸ್ಟ್‌ಬ್ಯಾಕ್’ ಅಲ್ಲದಿದ್ದಾಗ, ಅಂದರೆ ಪುಟ ಸಬ್ಮಿಟ್ ಆಗಿ ಬಂದದ್ದಲ್ಲದಿದ್ದಾಗ ಮಾತ್ರ ತುಂಬು ಅಂತ ಒಂದು ಷರತ್ತು ಹಾಕಿದರೆ ಸರಿಹೋಗುತ್ತದೆ.

ಪುಟ ಮೇಲ್ತುದಿಗೆ ಜಿಗಿಯುವ ಕಾಟಕ್ಕೆ ಎಎಸ್‌ಪಿ ಡಾಟ್ ನೆಟ್‌ನ 2005ರ ಎರಡನೇ ಆವೃತ್ತಿಯಲ್ಲಿ ಒಂದು ತೇಪೆ ಬಂತು. ಆದರೆ ಅದೇ ಆವೃತ್ತಿ ಹೊಸ ತಲೆನೋವನ್ನೂ ತಂದಿತು. ತಾಲೂಕುಗಳನ್ನು ಜಾವಾಸ್ಕ್ರಿಪ್ಟ್‌ನಿಂದ ತುಂಬಿ ಕಳಿಸಿದರೆ, ನಾನು ಕೊಡದ ಆಯ್ಕೆ ಇದು ಅಂತ ಸರ್ವರ್ ಎರರ್ ಎಸೆಯುತ್ತಿತ್ತು. ಸುರಕ್ಷತೆಗೆ ಹಾಕಿದ ಆ ತಪಾಸಣೆಯನ್ನೇ ಎಷ್ಟೋ ಜನ ಆಫ್ ಮಾಡಿ ಕೈತೊಳೆದುಕೊಂಡರು. ನನ್ನ ಕೇಳಿದರೆ ಅದು ಸೋಮಾರಿತನ.

ಪುಟ ಪೂರ್ತಿ ಬದಲಾಗದೆ ಸರ್ವರ್ ಜೊತೆ ಮಾತಾಡುವ ಉಪಾಯ 1999ರಲ್ಲೇ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಇತ್ತು. 2005ರ ಫೆಬ್ರವರಿಯಲ್ಲಿ ವೆಬ್ ವಿನ್ಯಾಸಕ ಜೆಸ್ಸಿ ಜೇಮ್ಸ್ ಗ್ಯಾರೆಟ್ ಅದಕ್ಕೆ ಅಜಾಕ್ಸ್ ಅಂತ ಹೆಸರಿಟ್ಟ ಮೇಲೆ ಎಲ್ಲರ ಕಣ್ಣು ಅದರ ಮೇಲೆ ಬಿತ್ತು. 2007ರಲ್ಲಿ ಮೈಕ್ರೋಸಾಫ್ಟ್, ಪುಟದ ಒಂದು ಭಾಗವನ್ನಷ್ಟೇ ಬದಲಿಸುವ ‘ಅಪ್‌ಡೇಟ್‌ಪ್ಯಾನೆಲ್’ ಕೊಟ್ಟಿತು. ಪುಟ ಬೆಳ್ಳಗಾಗುವುದು ನಿಂತಿತು. ಆದರೆ ಒಳಗೆ ವ್ಯೂಸ್ಟೇಟ್ ಪೂರ್ತಿ ಹೋಗುತ್ತಲೇ ಇತ್ತು.

ಇಷ್ಟೆಲ್ಲ ಆದರೂ ಯಾರೂ ಮುಟ್ಟದ ಒಂದು ಪ್ರಶ್ನೆ ಉಳಿದಿತ್ತು. ಆಯ್ಕೆ ಮುಗಿಯಿತು ಅಂತ ಯಾರು ಹೇಳಬೇಕು? ಮೌಸ್ ಹಿಡಿದವರಿಗೆ ಕ್ಲಿಕ್ಕೇ ತೀರ್ಮಾನ. ಕೀಬೋರ್ಡ್ ಬಳಸುವವರಿಗೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನಂಬಿದವರಿಗೆ ಹಾಗಲ್ಲ. ವಿಂಡೋಸ್‌ನಲ್ಲಿ ಮುಚ್ಚಿದ ಡ್ರಾಪ್‌ಡೌನ್ ಮೇಲೆ ಕೆಳಗಿನ ಬಾಣ ಒತ್ತಿದರೆ ಒಂದೊಂದು ಹೆಜ್ಜೆಗೂ ಆಯ್ಕೆ ಬದಲಾಗುತ್ತದೆ.

ಪುಣೆಯಲ್ಲೇ ನೆಲೆಸಿದ ಬೆಳಗಾವಿ ಕಡೆಯ ಹಿರಿಯರೊಬ್ಬರು ಬ್ಯಾಂಕಿನಲ್ಲಿ ಇದ್ದವರು, ಮೌಸ್ ಮುಟ್ಟುವುದಿಲ್ಲ. ಅಂಧೇರಿಯಲ್ಲಿರುವ ಮಗಳಿಗಾಗಿ ಒಂದು ಅರ್ಜಿ ತುಂಬುತ್ತಿದ್ದರು. ಜಿಲ್ಲೆಗೆ ಇಂಗ್ಲಿಷಿನ ಎಂ ಒತ್ತಿದರು. ಮುಂಬೈ ಸಿಟಿ ಬಂತು. ಇನ್ನೊಂದು ಸಲ ಒತ್ತಿದರೆ ಮುಂಬೈ ಸಬರ್ಬನ್, ಅದೇ ಅವರಿಗೆ ಬೇಕಾದದ್ದು. ಅಷ್ಟರಲ್ಲಿ ಪುಟ ಹೊರಟೇಹೋಯಿತು.

“ಅಲ್ಲೋ ತಮ್ಮಾ, ನಾ ಇನ್ನೂ ಆರಿಸೇ ಇಲ್ಲ, ತನ್ನ ಪಾಡಿಗೆ ತಾ ಹೋತಲ್ಲೋ ಇದು!”

“ಕಾಕಾ, ಆಲ್ಟ್ ಹಿಡಕೊಂಡು ಕೆಳಗಿನ ಬಾಣ ಒತ್ರಿ. ಮೊದಲ ಪಟ್ಟಿ ತೆರೀತದ, ಆಮ್ಯಾಲ ಆರಿಸ್ರಿ” ಅಂದೆ.

ಉಪಾಯ ಏನೋ ಇದೆ, ಆದರೆ ಅದನ್ನು ಜನ ಯಾಕೆ ಕಲಿಯಬೇಕು, ಅಲ್ವಾ? ವೆಬ್ ಪುಟಗಳು ಅಂಗವಿಕಲರಿಗೂ ಬಳಸಲು ಬರಬೇಕು ಅಂತ 2008ರ ಡಿಸೆಂಬರಿನಲ್ಲಿ ಬಂದ ಡಬ್ಲ್ಯೂಸಿಎಜಿ 2.0 ನಿಯಮಗಳ 3.2.2 ಇದನ್ನೇ ಹೇಳುತ್ತದೆ. ಒಂದು ಫೀಲ್ಡಿನಲ್ಲಿ ತುಂಬಿದ್ದು ಬದಲಾದ ಮಾತ್ರಕ್ಕೆ ಸಂದರ್ಭ, ಅಂದರೆ ಜನರ ಮುಂದಿರುವ ಪುಟ, ತಾನಾಗಿ ಬದಲಾಗಬಾರದು. ಹಾಗೆ ಆಗುವುದೇ ಆದರೆ ಮೊದಲೇ ಹೇಳಿರಬೇಕು. ಇದು ಎ ಮಟ್ಟದ, ಅಂದರೆ ಎಲ್ಲಕ್ಕಿಂತ ಕೆಳಗಿನ, ಕಡ್ಡಾಯದ ಮೆಟ್ಟಿಲು.

ನಿಯಮಕ್ಕೆ ಬೇಡವಾದದ್ದು ಪುಟ ಹಾರುವುದು. ಹಿನ್ನೆಲೆಯಲ್ಲಿ ತಾಲೂಕು ಪಟ್ಟಿ ತರಿಸಿಕೊಂಡರೆ ಅದಕ್ಕೆ ತಕರಾರಿಲ್ಲ. ಈಗ ಹೆಚ್ಚಿನವರು ಮಾಡುವುದೂ ಅದನ್ನೇ. 2020ರಲ್ಲಿ ಬಂದ ಎಚ್‌ಟಿಎಂಎಕ್ಸ್ ಅನ್ನುವ ಸಿದ್ಧ ಕೋಡ್ ಬಳಸಿದರಂತೂ ಡ್ರಾಪ್‌ಡೌನ್ ಬದಲಾದರೆ ಸರ್ವರ್ ತಾಲೂಕುಗಳ ಎಚ್‌ಟಿಎಂಎಲ್ ತುಂಡನ್ನಷ್ಟೇ ಕೊಡುತ್ತದೆ, ಜಾವಾಸ್ಕ್ರಿಪ್ಟ್ ಬರೆಯುವ ಗೋಜಿಲ್ಲ. ಆದರೂ ಎಚ್ಚರ ಬೇಕು. ಪುಣೆ ಆರಿಸಿ, ತಕ್ಷಣ ಮನಸ್ಸು ಬದಲಿಸಿ ಮುಂಬೈ ಸಬರ್ಬನ್ ಆರಿಸಿದರೆ ಎರಡು ವಿನಂತಿ ಹೋಗುತ್ತವೆ. ಪುಣೆಯ ಉತ್ತರ ತಡವಾಗಿ ಬಂದರೆ ಮುಂಬೈ ಕೆಳಗೆ ಹವೇಲಿ, ಮುಳಶಿ, ಮಾವಳ ಕಾಣುತ್ತವೆ. ಹಳೆಯ ವಿನಂತಿಯನ್ನು ರದ್ದು ಮಾಡಬೇಕು. ಜೊತೆಗೆ, ಕೊನೆಗೆ ಬಂದ ತಾಲೂಕು ಆ ಜಿಲ್ಲೆಯದ್ದೇ ಹೌದೇ ಅಂತ ಸರ್ವರ್ ಮತ್ತೆ ನೋಡಲೇಬೇಕು.

ಮುಂಬೈಯವರಿಗೆ ಇನ್ನೊಂದು ಗೋಳಿದೆ. ಸಬರ್ಬನ್ ಜಿಲ್ಲೆಯಲ್ಲಿ ಅಂಧೇರಿ, ಬೊರಿವಲಿ, ಕುರ್ಲಾ ಅಂತ ಮೂರು ತಾಲೂಕು. ಮುಂಬೈ ಸಿಟಿ ಜಿಲ್ಲೆಯಲ್ಲಿ ತಾಲೂಕೇ ಇಲ್ಲ. ಪಟ್ಟಿ ಖಾಲಿ ಬರುತ್ತದೆ, ಅತ್ತ ಫಾರ್ಮ್ ‘ತಾಲೂಕು ಕಡ್ಡಾಯ’ ಅನ್ನುತ್ತದೆ. ಮಾಟುಂಗಾದವರು ಅಲ್ಲಿಗೇ ಸಿಕ್ಕಿಬೀಳುತ್ತಾರೆ. ಸರ್ವರ್ ಖಾಲಿ ಪಟ್ಟಿ ಕೊಟ್ಟಾಗ ಕಡ್ಡಾಯದ ಗುರುತನ್ನೂ ತೆಗೆಯಬೇಕು. ಇದನ್ನು ಮೊದಲ ದಿನವೇ ಪರೀಕ್ಷಿಸಿ ನೋಡುವವರು ಕಮ್ಮಿ.